ಕಡಲೂರಿನವರಿಗೆ ಅಲ್ಗಾರ್ವ್‌ನಲ್ಲಿ ಏನಿದೆ?

ಪ್ರಶ್ನೆ: ನಾವು ಕುಮಟಾದವರು. ಮಗಳು ಲಿಸ್ಬನ್‌ನಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಅವಳನ್ನು ನೋಡಲು ಹೋಗುತ್ತಿದ್ದೇವೆ. ಮೂವರೂ ಎಂಟು ದಿನ ಪೋರ್ಚುಗಲ್‌ನ ದಕ್ಷಿಣ ತುದಿಯ ಅಲ್ಗಾರ್ವ್‌ಗೆ ಹೋಗಿಬರೋಣ ಅನ್ನುತ್ತಾಳೆ. ಫೋಟೋ ನೋಡಿದರೆ ಬರೀ ಬೀಚು, ಬಂಡೆ, ಗುಹೆ, ಬೋಟು. ಕಡಲು ನಮ್ಮ ಮನೆ ಹಿಂದೆಯೇ ಇದೆ. ಅದನ್ನು ನೋಡೋಕೆ ಅಷ್ಟು ದೂರ ಹೋಗಬೇಕಾ? ನಮಗಿಬ್ಬರಿಗೂ ಈಜು ಬರಲ್ಲ. ನಾನು ಮೀನು, ಮಾಂಸ ತಿನ್ನಲ್ಲ, ಅವರು ಮೀನು ತಿನ್ನುತ್ತಾರೆ. ಎಲ್ಲರೂ ಮಾಡುವುದನ್ನು ಬಿಟ್ಟು ಅಲ್ಲಿ ಬೇರೆ ಏನಾದರೂ ಇದೆಯಾ?

ಉತ್ತರ: ಇದೆ. ನೀವು ಕುಮಟಾದವರು ಅನ್ನುವುದು ಇಲ್ಲಿ ನಿಮಗೆ ದೊಡ್ಡ ಅನುಕೂಲ. ಬೆಂಗಳೂರಿನವರು ಕೇಳಿದ್ದರೆ ಮೊದಲು ಬೀಚಿಗೇ ಕಳಿಸುತ್ತಿದ್ದೆ. ನಿಮಗೆ ಉಪ್ಪಿನ ಆಗರ ಗೊತ್ತು. ಇಳಿತದ ಹೊತ್ತಿಗೆ ಅಘನಾಶಿನಿಯ ಕೆಸರಲ್ಲಿ ಬಗ್ಗಿ ಚಿಪ್ಪಿಕಲ್ಲು ಆರಿಸುವವರನ್ನು ನೋಡಿದ್ದೀರಿ. ಅಲ್ಗಾರ್ವ್‌ನಲ್ಲೂ ಇವೆರಡೂ ಇವೆ. ಬಿಸಿಲು ಕಾಯಿಸಲು ಬಂದವರು ಅತ್ತ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ನನ್ನ ಸಲಹೆ ಒಂದೇ. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಜನ ಏನು ಕೆಲಸದಲ್ಲಿರುತ್ತಾರೋ ಅದರ ಹಿಂದೆ ಹೋಗಿ.

ಮೊದಲು ಊರು ಎಲ್ಲಿ ಹಿಡಿಯಬೇಕು ಅನ್ನುವುದು. ಪಶ್ಚಿಮದ ಸಾಗ್ರೆಶ್ ಭೂಶಿರದಿಂದ ಪೂರ್ವದಲ್ಲಿ ಸ್ಪೇನ್ ಗಡಿಯ ಗ್ವಾದಿಯಾನಾ ನದಿಯವರೆಗೆ ಅಲ್ಗಾರ್ವ್ ಸುಮಾರು 150 ಕಿಲೋಮೀಟರ್ ಉದ್ದದ ಒಂದು ಪಟ್ಟಿ. ನಡುವಿಗಿಂತ ಸ್ವಲ್ಪ ಪೂರ್ವಕ್ಕೆ ವಿಮಾನ ನಿಲ್ದಾಣವಿರುವ ಫಾರೊ. ಅಲ್ಲಿನವರು ಪಶ್ಚಿಮದ ಅರ್ಧಕ್ಕೆ ಬಾರ್ಲವೆಂತು ಅನ್ನುತ್ತಾರೆ, ಅಂದರೆ ಗಾಳಿ ಬರುವ ದಿಕ್ಕು. ಪೂರ್ವದ ಅರ್ಧ ಸೊತವೆಂತು, ಗಾಳಿ ಹೋಗುವ ದಿಕ್ಕು. ನೀವು ನೋಡಿದ ಫೋಟೋಗಳೆಲ್ಲ ಗಾಳಿ ಬರುವ ಕಡೆಯವು. ಹಳದಿ ಬಂಡೆ, ಗುಹೆ, ಸಾಲು ಸಾಲು ಹೋಟೆಲ್ ಎಲ್ಲ ಅಲ್ಲೇ. ಪೂರ್ವದ ಕಡೆ ಬಂಡೆಯಿಲ್ಲ. ತಗ್ಗಾದ ಮರಳಿನ ದ್ವೀಪಗಳು, ಅವುಗಳ ಹಿಂದೆ ಹಿನ್ನೀರು, ಕೆಸರು, ಉಪ್ಪಿನ ಆಗರ. ನೀವು ಪೂರ್ವದ ತವೀರಾ ಊರಿನಲ್ಲಿ ಮನೆ ಹಿಡಿಯಿರಿ. ನದಿ ನಡುವೆ ಹರಿಯುವ ಸಣ್ಣ ಊರು, ರೈಲು ನಿಲ್ದಾಣ ಇದೆ, ಎಲ್ಲದಕ್ಕೂ ನಡೆದೇ ಹೋಗಬಹುದು.

ಬೆನಜಿಲ್ ಗುಹೆಯ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಮೇಲ್ಛಾವಣಿಯಲ್ಲಿ ತೂತಿರುವ, ಎಲ್ಲರ ರೀಲ್ಸ್‌ನಲ್ಲೂ ಬರುವ ಗುಹೆ ಅದು. ಜನ ಜಾಸ್ತಿಯಾಗಿ, 2024ರಿಂದ ಒಳಗಿನ ಮರಳಿನ ಮೇಲೆ ಇಳಿಯುವಂತಿಲ್ಲ, ಈಜಿಕೊಂಡು ಹೋಗುವಂತೆಯೂ ಇಲ್ಲ. ಬೋಟಿನಲ್ಲಿ ಕೂತು ಇಣುಕಿ ವಾಪಸ್ ಬರಬೇಕು. ಮಗಳಿಗೆ ಆಸೆ ಇದ್ದರೆ ಅವಳೊಬ್ಬಳೇ ಹೋಗಿಬರಲಿ.

ಈಗ ಉಪ್ಪು. ನಿಮ್ಮ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವುದು ಮಳೆ ಶುರುವಾಗುವ ಮೊದಲು, ಬೇಸಿಗೆಯಲ್ಲಿ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಹಾಗಾಗಿ ನಮ್ಮ ಆಗರಗಳು ಮುಂಗಾರಿನ ನೀರಲ್ಲಿ ಮುಳುಗಿರುವ ಹೊತ್ತಿಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ತವೀರಾದಲ್ಲಿ ಉಪ್ಪಿನ ಸುಗ್ಗಿ. ನೀವು ಹೋಗುವಾಗ ಅದರ ಕೊನೆಯ ವಾರಗಳು. ಊರಿನಿಂದ ನದಿಯಂಚಿನ ರಸ್ತೆ ಹಿಡಿದು ಕ್ವಾತ್ರು ಆಗ್ವಾಶ್ ಅನ್ನುವ ದೋಣಿಕಟ್ಟೆಯ ಕಡೆಗೆ ಎರಡು ಕಿಲೋಮೀಟರಿನಷ್ಟು ನಡೆದರೆ ಇಕ್ಕೆಲದಲ್ಲೂ ಆಗರ. ಟಿಕೆಟ್ ಇಲ್ಲ, ಗೈಡ್ ಬೇಡ. ಬದುವಿನ ಮೇಲೆ ಉಪ್ಪಿನ ಗುಡ್ಡೆ, ನೀರಿನಲ್ಲಿ ಫ್ಲೆಮಿಂಗೊ, ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ.

ಮಾಡುವ ಕ್ರಮ ನಿಮಗೆ ಹೊಸದಲ್ಲ. ಉಬ್ಬರದಲ್ಲಿ ತೂಬಿನಿಂದ ನೀರು ಬಿಟ್ಟುಕೊಳ್ಳುತ್ತಾರೆ. ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸುತ್ತ ಹೋದ ಹಾಗೆ ನೀರು ಗಟ್ಟಿಯಾಗುತ್ತದೆ. ಕೊನೆಯ ಸಣ್ಣ ಮಡಿಗಳಲ್ಲಿ ಉಪ್ಪು ಕಟ್ಟುತ್ತದೆ. ನೀವು ಹತ್ತಿರದಿಂದ ನೋಡಬೇಕಾದದ್ದು ಮಧ್ಯಾಹ್ನದ ಮೇಲಿನ ಕೆಲಸ. ಬಿಸಿಲು ಚೆನ್ನಾಗಿದ್ದು ಗಾಳಿ ಜೋರಿಲ್ಲದ ದಿನ ನೀರಿನ ಮೇಲೆ ತೆಳ್ಳಗೆ ಒಂದು ಪದರ ತೇಲುತ್ತದೆ. ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಅದೇ ಫ್ಲೋರ್ ದಿ ಸಾಲ್, ಉಪ್ಪಿನ ಹೂ. ಆಳು ಬದುವಿನ ಮೇಲೆ ನಿಂತು, ಉದ್ದ ಕೋಲಿನ ತುದಿಗೆ ಕಟ್ಟಿದ ಸಣ್ಣ ಬಲೆಯಿಂದ ಅದನ್ನು ಮೆಲ್ಲಗೆ ಎಳೆದುಕೊಳ್ಳುತ್ತಾನೆ. ಬಲೆ ತಳಕ್ಕೆ ತಾಗಬಾರದು. ತಾಗಿದರೆ ಕೆಳಗಿನ ದಪ್ಪ ಉಪ್ಪು ಎದ್ದು ಎಲ್ಲ ಹಾಳು. ಸಂಜೆಯೊಳಗೆ ತೆಗೆಯದಿದ್ದರೆ ಆ ಕೆನೆ ಮುಳುಗಿ ಸಾದಾ ಉಪ್ಪಾಗುತ್ತದೆ. ಒಂದೇ ಮಡಿ, ಒಂದೇ ನೀರು. ತೇಲುವಾಗ ತೆಗೆದರೆ ಅಂಗಡಿಯಲ್ಲಿ ಹಲವು ಪಟ್ಟು ಬೆಲೆ, ಮುಳುಗಿದ ಮೇಲೆ ಅಡುಗೆ ಉಪ್ಪಿನ ಬೆಲೆ. ಹೋಗುವಾಗ ಸಾಣಿಕಟ್ಟಾ ಉಪ್ಪಿನ ಒಂದು ಸಣ್ಣ ಪೊಟ್ಟಣ ಇಟ್ಟುಕೊಂಡು ಹೋಗಿ. ಕೈಯಲ್ಲಿ ಹಿಡಿದು ತೋರಿಸಿದರೆ ಭಾಷೆ ಬೇಕಾಗುವುದಿಲ್ಲ.

ತವೀರಾದಿಂದ ಇನ್ನೂ ಪೂರ್ವಕ್ಕೆ, ಸ್ಪೇನ್ ಗಡಿಯ ಹತ್ತಿರ ಕಾಸ್ಟ್ರೊ ಮರಿಂ ಅಂತ ಕೋಟೆಯ ಊರಿದೆ. ಸುತ್ತಲಿನ ಜೌಗು ಮತ್ತು ಆಗರ ಸೇರಿ 1975ರಲ್ಲಿ ಪೋರ್ಚುಗಲ್‌ನ ಮೊದಲ ನಿಸರ್ಗಧಾಮವಾಯಿತು. ಅಲ್ಲಿನ ಆಗರದಲ್ಲಿ ದುಡ್ಡು ಕೊಟ್ಟು ಗಟ್ಟಿ ಉಪ್ಪುನೀರಿನಲ್ಲಿ ತೇಲುವ ವ್ಯವಸ್ಥೆ ಇದೆ. ಈಜು ಬರದ ನಿಮ್ಮಿಬ್ಬರಿಗೆ ಇದನ್ನು ಒತ್ತಿ ಹೇಳುತ್ತೇನೆ. ನೀರು ಮೊಣಕಾಲಿನಷ್ಟು ಆಳ ಇದ್ದರೂ ಸಾಕು, ಅಂಗಾತ ಮಲಗಿದರೆ ಮುಳುಗುವುದೇ ಇಲ್ಲ. ಕಾಲು ತಾನಾಗಿ ಮೇಲೆ ಬರುತ್ತದೆ. ಕಿವಿ ನೀರಿನೊಳಗೆ, ಮುಖ ಬಿಸಿಲಿಗೆ. ಒಂದೇ ಎಚ್ಚರಿಕೆ: ಮೈಮೇಲೆ ಸಣ್ಣ ಗೀರು ಕೂಡ ಇರಬಾರದು. ನನ್ನ ಹಿಮ್ಮಡಿ ಒಡೆದಿತ್ತು, ಗಮನಿಸಿರಲಿಲ್ಲ. ಎರಡು ನಿಮಿಷದಲ್ಲಿ ಕುಂಟುತ್ತ ಎದ್ದು ಬಂದೆ, ಜೊತೆಗಿದ್ದವರಿಗೆ ನಗುವೋ ನಗು. ಯಜಮಾನರು ಆ ಬೆಳಿಗ್ಗೆ ಗಡ್ಡ ಹೆರೆಯದಿರಲಿ. ಕಣ್ಣುಜ್ಜಬೇಡಿ.

ಉಪ್ಪಿನ ಇನ್ನೊಂದು ಮುಖ ನೆಲದಡಿ ಇದೆ. ಫಾರೊದಿಂದ ಒಳನಾಡಿನ ಕಡೆಗೆ ಲೋಲೆ ಅನ್ನುವ ಪಟ್ಟಣ. ಊರಿನ ಕೆಳಗೇ ಉಪ್ಪಿನ ಗಣಿ. ಲಿಫ್ಟ್‌ನಲ್ಲಿ 230 ಮೀಟರ್ ಕೆಳಗಿಳಿಸಿ, ಹೆಲ್ಮೆಟ್ ಹಾಕಿಸಿ, ಸುರಂಗದಲ್ಲಿ ನಡೆಸುತ್ತಾರೆ. ಗೋಡೆ, ಸೂರು, ನೆಲ ಎಲ್ಲ ಉಪ್ಪು. ಬೂದು, ಕಂದು, ಬಿಳಿ ಪಟ್ಟೆಗಳು ಮಡಿಸಿದ ಸೀರೆಯ ಅಂಚಿನ ಹಾಗೆ ಬಳುಕಿವೆ. 20 ಕೋಟಿ ವರ್ಷಕ್ಕೂ ಹಿಂದೆ ಒಣಗಿಹೋದ ಕಡಲು ಅದು. ಮೊದಲ ದಿನ ತವೀರಾದ ಆಗರ, ಮರುದಿನ ಈ ಗಣಿ, ಹೀಗೆ ಇಟ್ಟುಕೊಳ್ಳಿ. ಬಿಸಿಲಿಗೆ ಒಣಗುವುದನ್ನು ಕಣ್ಣಾರೆ ನೋಡಿದವರಿಗೆ ಕೆಳಗಿನ ಗೋಡೆ ಸುಲಭವಾಗಿ ಅರ್ಥವಾಗುತ್ತದೆ. ಮುಚ್ಚಿದ ಜಾಗ ಅಂದರೆ ಉಸಿರುಗಟ್ಟುವವರು ಇದನ್ನು ಬಿಡಿ. ಮುಂಚೆಯೇ ಬುಕ್ ಮಾಡಬೇಕು, ಬಾಗಿಲಿಗೆ ಹೋಗಿ ನಿಂತರೆ ಬಿಡುವುದಿಲ್ಲ.

ಲೋಲೆಗೆ ಶನಿವಾರವೇ ಹೋಗಿ, ಅವತ್ತು ಸಂತೆ. ಹಳ್ಳಿಯವರು ಅಂಜೂರ, ಬಾದಾಮಿ, ಜೇನು ತಂದು ಮಾರುತ್ತಾರೆ. ಅದೇ ಊರಲ್ಲಿ ಕುಳ್ಳ ತಾಳೆಯ ಗರಿ ಸೀಳಿ ಬುಟ್ಟಿ ಹೆಣೆಯುವವರು, ತಾಮ್ರ ಬಡಿಯುವವರು ಇದ್ದಾರೆ. ಊರಿನ ಆಡಳಿತವೇ ಇಂಥ ಕಸುಬುಗಳ ಕಾರ್ಯಾಗಾರ ನಡೆಸುತ್ತದೆ, ಪ್ರವಾಸಿಗರೂ ಸೇರಬಹುದು. ತಾಮ್ರದವರು ಮಾಡುವ ಕತಪ್ಲಾನಾ ಅನ್ನುವ ಪಾತ್ರೆ ನೋಡಿ. ಎರಡು ಬೋಗುಣಿಗಳನ್ನು ಕೀಲು ಹಾಕಿ ಮುಖಾಮುಖಿ ಜೋಡಿಸಿದಂತೆ, ಚಿಪ್ಪಿಕಲ್ಲು ಬಾಯಿ ಮುಚ್ಚಿದಂತೆ ಇರುತ್ತದೆ. ಅದರಲ್ಲಿ ಆವಿಯಲ್ಲೇ ಅಡುಗೆ.

ಕಡಲು ಪೂರ್ತಿ ಬಿಡಿ ಅನ್ನುತ್ತಿಲ್ಲ. ಹಿನ್ನೀರಿನ ಕಡೆಯಿಂದ ನೋಡಿ. ಫಾರೊದ ಎರಡೂ ಪಕ್ಕ ಸುಮಾರು 60 ಕಿಲೋಮೀಟರ್ ಉದ್ದಕ್ಕೆ ರಿಯಾ ಫೊರ್ಮೊಜಾ ಅನ್ನುವ ಹಿನ್ನೀರು ಹಬ್ಬಿದೆ. ಒಲ್ಯಾಂವ್ ಅನ್ನುವ ಮೀನುಗಾರರ ಊರಿನಿಂದ ಫೆರಿ ಹತ್ತಿ ಕುಲಾತ್ರಾ ದ್ವೀಪಕ್ಕೆ ಹೋಗಿ. ಅಲ್ಲಿ ಕಾರಿಲ್ಲ. ಮರಳಲ್ಲಿ ಕಾಲುದಾರಿ, ಮನೆ ಮುಂದೆ ಬಲೆ ರಿಪೇರಿ. ಇಳಿತದ ವೇಳೆ ನೋಡಿಕೊಂಡು ಹೋಗಬೇಕು, ಇದು ಮುಖ್ಯ. ನೀರಿಳಿದಾಗ ಕೆಸರಿನ ಮೇಲೆ ಗೂಟ ನೆಟ್ಟು ಗುರುತು ಮಾಡಿದ ತುಂಡು ತುಂಡು ಜಾಗ ಕಾಣುತ್ತದೆ. ಚಿಪ್ಪಿಕಲ್ಲಿನ ಗದ್ದೆ ಅದು. ನಮ್ಮಲ್ಲಿ ಸಿಕ್ಕಿದ್ದನ್ನು ಆರಿಸುತ್ತಾರೆ, ಅಲ್ಲಿ ಮರಿ ಬಿತ್ತಿ, ಕಾದು, ಕೊಯ್ಯುತ್ತಾರೆ. ಒಬ್ಬರ ಗದ್ದೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ನೀವೂ ಇಡಬೇಡಿ. ಮರಳು ಖಾಲಿ ಇದೆ ಅಂತ ನಡೆದವರನ್ನು ಬೈದು ಓಡಿಸಿದ್ದನ್ನು ಕಂಡಿದ್ದೇನೆ. ಬೈದವರದೇ ಸರಿ.

ತವೀರಾದ ಹತ್ತಿರವೇ ಬರೀಲ್ ಅನ್ನುವ ಕಡಲತೀರ. ಸೇತುವೆ ದಾಟಿದರೆ ಆಟಿಕೆಯಂಥ ಪುಟ್ಟ ರೈಲು, ಸುಮಾರು ಒಂದು ಕಿಲೋಮೀಟರ್. ಇಳಿದರೆ ಮರಳದಿಬ್ಬದ ಮೇಲೆ ತುಕ್ಕು ಹಿಡಿದ ಲಂಗರುಗಳ ಸಾಲು, ನೂರಕ್ಕೂ ಹೆಚ್ಚು. ಪ್ರವಾಸಿಗರು ಫೋಟೋ ತೆಗೆದುಕೊಂಡು ಹೋಗುತ್ತಾರೆ, ಯಾಕಿವೆ ಅಂತ ಕೇಳುವುದಿಲ್ಲ. ಟ್ಯೂನಾ ಮೀನುಗಳು ಮೊಟ್ಟೆಯಿಡಲು ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ಗೆ ಈ ದಂಡೆ ಹಿಡಿದೇ ಹೋಗುತ್ತವೆ, ಮತ್ತೆ ವಾಪಸಾಗುತ್ತವೆ. ಆ ದಾರಿಗೆ ಅಡ್ಡವಾಗಿ ಕಡಲಲ್ಲಿ ಬಲೆಯ ಗೋಡೆಗಳನ್ನೇ ಕಟ್ಟುತ್ತಿದ್ದರು. ಆ ಗೋಡೆ ಅಲುಗದಂತೆ ಹಿಡಿದದ್ದು ಈ ಲಂಗರುಗಳು. ಮೀನು ಕಡಿಮೆಯಾಗುತ್ತ ಬಂತು. 1970ರ ದಶಕದ ಆರಂಭದ ಹೊತ್ತಿಗೆ ತವೀರಾದ ಬಲೆಗಳೆಲ್ಲ ನಿಂತವು. ಮೀನುಗಾರರ ಮನೆಸಾಲು ಈಗ ಹೋಟೆಲ್. ಯಜಮಾನರು ಅಲ್ಲಿ ಊಟ ಮಾಡಲಿ. ನೀವು ಸಂಜೆ ಬಿಸಿಲು ಇಳಿದ ಮೇಲೆ ಲಂಗರುಗಳ ನಡುವೆ ಓಡಾಡಿ.

ಒಂದೆರಡು ದಿನ ಬೆಟ್ಟಕ್ಕೆ ಇಡಿ. ಸಾವ್ ಬ್ರಾಸ್ ಸುತ್ತಮುತ್ತ ಬೂಚಿನ ಮರಗಳ ಗುಡ್ಡ. ಬಾಟಲಿಯ ಬೂಚು ಈ ಓಕ್ ಜಾತಿಯ ಮರದ ತೊಗಟೆ. ಜಗತ್ತಿನ ಬೂಚಿನಲ್ಲಿ ಸುಮಾರು ಅರ್ಧ ಪೋರ್ಚುಗಲ್ಲಿನದು. ಮರ ನೆಟ್ಟು 25 ವರ್ಷದ ನಂತರ ಮೊದಲ ಸಲ ತೊಗಟೆ ಸುಲಿಯುತ್ತಾರೆ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಮೊದಲ ಎರಡು ಸಲದ ತೊಗಟೆ ಬಾಟಲಿಗೆ ಆಗುವುದಿಲ್ಲ, ಮೂರನೆಯದರಿಂದ ಶುರು. ಅಂದರೆ ಅಜ್ಜ ನೆಟ್ಟರೆ ಮೊಮ್ಮಗನಿಗೆ ದುಡ್ಡು. ಸುಲಿಯುವುದು ಬೇಸಿಗೆಯಲ್ಲಿ, ಕೊಡಲಿಯಿಂದ, ಕೈಯಿಂದಲೇ. ನೀವು ಹೋಗುವ ಹೊತ್ತಿಗೆ ಮುಗಿದಿರುತ್ತದೆ. ಆದರೆ ಈ ವರ್ಷ ಸುಲಿದ ಮರಗಳು ಸೊಂಟದಿಂದ ಕೆಳಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ನಿಂತಿರುತ್ತವೆ, ಲುಂಗಿ ಉಟ್ಟ ಹಾಗೆ. ಹತ್ತಿರ ಹೋದರೆ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಒಂದೇ ಒಂದು ಅಂಕಿ. ಸುಲಿದ ವರ್ಷದ ಕೊನೆಯ ಅಂಕಿ ಅದು. 3 ಅಂತಿದ್ದರೆ 2023ರಲ್ಲಿ ಸುಲಿದದ್ದು, ಮುಂದಿನದು 2032ಕ್ಕೆ. ಇದು ಗೊತ್ತಾದ ಮೇಲೆ ಕಾಡಿನಲ್ಲಿ ನಡೆಯುವುದೇ ಬೇರೆ ಆಟ. ಪ್ರತಿ ಮರದ ಲೆಕ್ಕ ಹಾಕುತ್ತ ಹೋಗುತ್ತೀರಿ.

ಸೆಪ್ಟೆಂಬರ್‌ನಲ್ಲಿ ಅದೇ ಗುಡ್ಡದ ತಪ್ಪಲಿನಲ್ಲಿ ಇನ್ನೊಂದು ಕೊಯ್ಲು ನಡೆಯುತ್ತಿರುತ್ತದೆ. ಆಲ್ಫರೋಬಾ, ಇಂಗ್ಲಿಷಿನವರ ಕ್ಯಾರೋಬ್. ಕಾಯಿ ನೋಡಲು ಸೀಗೆಕಾಯಿಯ ಅಣ್ಣ, ಕಡು ಕಂದು. ಉದ್ದ ಕೋಲಿನಿಂದ ಬಡಿದು ಬೀಳಿಸಿ, ಕೆಳಗೆ ಹಾಸಿದ ಬಲೆಯಿಂದ ಬಾಚಿ ಮೂಟೆ ಕಟ್ಟುತ್ತಾರೆ. ಕಾಯಿಯ ಹಿಟ್ಟಿನಿಂದ ಕೇಕ್ ಮಾಡುತ್ತಾರೆ, ಬೆಲ್ಲದ ವಾಸನೆ. ಬೀಜದ ಪುಡಿ ಐಸ್‌ಕ್ರೀಮನ್ನು ಗಟ್ಟಿ ಮಾಡಲು. ನಿಮ್ಮ ಫ್ರಿಜ್ಜಿನ ಐಸ್‌ಕ್ರೀಮ್ ಡಬ್ಬದ ಮೇಲೆ 410 ಅನ್ನುವ ಸಂಖ್ಯೆ ಇದ್ದರೆ ಇದೇ. ಚಿನ್ನ, ವಜ್ರದ ಕ್ಯಾರೆಟ್ ಅನ್ನುವ ಮಾತೂ ಈ ಬೀಜದಿಂದ ಬಂದದ್ದು. ನಮ್ಮ ಅಕ್ಕಸಾಲಿಗರಿಗೆ ಗುಲಗಂಜಿ ಹೇಗೋ ಅವರಿಗೆ ಇದು ಹಾಗೆ. ಬಿದ್ದ ಕಾಯಿ ಒಂದನ್ನು ಕಚ್ಚಿ ನೋಡಿ, ಬೀಜ ಬಿಟ್ಟು. ಚೀಲಕ್ಕೆ ತುಂಬಿಕೊಳ್ಳಬೇಡಿ. ಬೆಲೆ ಏರಿದ ವರ್ಷಗಳಲ್ಲಿ ಕಾಯಿ ಕಳ್ಳತನ ಜಾಸ್ತಿಯಾಗಿ ತೋಟದವರು ಅಪರಿಚಿತರನ್ನು ಅನುಮಾನದಿಂದಲೇ ನೋಡುತ್ತಾರೆ.

ಹಳ್ಳಿಗಳಲ್ಲಿ ತಲೆಯೆತ್ತಿ ಹೊಗೆಗೂಡುಗಳನ್ನು ನೋಡಿ. ಜಾಲಂದ್ರದ ಕೆತ್ತನೆ, ಒಂದರಂತೆ ಇನ್ನೊಂದಿಲ್ಲ. ಹಿಂದೆ ಮೇಸ್ತ್ರಿ ಬಂದು "ಎಷ್ಟು ದಿನದ ಹೊಗೆಗೂಡು ಬೇಕು?" ಅಂತ ಕೇಳುತ್ತಿದ್ದನಂತೆ. ದಿನ ಹೆಚ್ಚಿದಷ್ಟೂ ಕೆತ್ತನೆ, ಕೆತ್ತನೆ ಹೆಚ್ಚಿದಷ್ಟೂ ಮನೆಯವರ ಗತ್ತು.

ಮಗಳ ಪಾಲಿಗೆ ಅಲ್ಕೊಟೀಂ. ಗ್ವಾದಿಯಾನಾ ನದಿಯ ದಡದ ಊರು, ಎದುರು ದಡ ಸ್ಪೇನ್. ದೋಣಿಯಲ್ಲಿ ದಾಟಿ, ಸ್ಪೇನ್ ಗುಡ್ಡ ಹತ್ತಿ, ತಂತಿಗೆ ನೇತುಬಿದ್ದು 720 ಮೀಟರ್ ಜಾರಿ ಪೋರ್ಚುಗಲ್‌ಗೆ ಇಳಿಯುವ ಜಿಪ್‌ಲೈನ್ ಇದೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಪೋರ್ಚುಗಲ್ ಗಡಿಯಾರ ಸ್ಪೇನ್‌ಗಿಂತ ಒಂದು ಗಂಟೆ ಹಿಂದೆ. ಹಾಗಾಗಿ ಹನ್ನೆರಡಕ್ಕೆ ಹೊರಟವಳು ಹನ್ನೊಂದಕ್ಕೆ ಬಂದಿಳಿಯುತ್ತಾಳೆ! ಪಾಸ್‌ಪೋರ್ಟ್ ಜೊತೆಗಿರಲಿ, ನಡೆಯುತ್ತಿದೆಯೇ ಅಂತ ಮೊದಲು ವಿಚಾರಿಸಿ. ಅವಳು ಜಾರುವಾಗ ನೀವಿಬ್ಬರೂ ಕಟ್ಟೆಯಲ್ಲಿ ಕೂತು ಆ ನದಿ ನೋಡಿ. ಎರಡೂ ದೇಶ ಸರ್ವಾಧಿಕಾರಿಗಳ ಕೈಯಲ್ಲಿದ್ದ ಕಾಲದಲ್ಲಿ ಹೊಟ್ಟೆಪಾಡಿಗೆ ಕಾಫಿ ಮೂಟೆ ಹೊತ್ತು ರಾತ್ರಿ ಈ ನೀರನ್ನು ಈಜಿ ದಾಟುತ್ತಿದ್ದರು. ಊರಿನವರು ಆ ಕಳ್ಳಸಾಗಣೆದಾರನಿಗೂ ಮೂರ್ತಿ ಮಾಡಿ ನಿಲ್ಲಿಸಿದ್ದಾರೆ, ಅವನನ್ನು ಹಿಡಿಯುವ ಕಾವಲುಗಾರನಿಗೂ.

ಪಶ್ಚಿಮಕ್ಕೆ ಒಂದು ದಿನ ಸಾಕು. ರೈಲಿನಲ್ಲಿ ಲಾಗೊಸ್‌ಗೆ ಹೋಗಿ. ಬೀಚಿಗಿಂತ ಮೊದಲು ಗುಲಾಮರ ಮಾರುಕಟ್ಟೆಯ ಮ್ಯೂಸಿಯಂಗೆ. 1444ರಲ್ಲಿ ಆಫ್ರಿಕಾದಿಂದ ಹಿಡಿದು ತಂದ ಸುಮಾರು 235 ಜನರನ್ನು ಈ ಊರಲ್ಲಿ ಹಂಚಿಕೊಂಡರು. ಅದೇ ಕಡಲ ಸಾಹಸ ಮುಂದುವರಿದು 1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ನಿಮ್ಮ ಕಾರವಾರದೆದುರಿನ ಅಂಜದೀವಕ್ಕೆ ಬಂದು ತಂಗಿದವು. ವಾಪಸಾಗುವಾಗ ಪೋರ್ಟಿಮಾವ್‌ನಲ್ಲಿ ಇಳಿದರೆ ಹಳೆಯ ಮತ್ತಿ ಮೀನಿನ ಕಾರ್ಖಾನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಯಜಮಾನರಿಗೆ ಖಂಡಿತ ಹಿಡಿಸುತ್ತದೆ.

ಊಟದ ವಿಷಯ ನೇರವಾಗಿ ಹೇಳುತ್ತೇನೆ, ನಿಮಗೆ ಸ್ವಲ್ಪ ಕಷ್ಟ. "ಮಾಂಸ ಬೇಡ" ಅಂದರೆ ಅವರು ಮೀನು ತರುತ್ತಾರೆ. ನನಗೆ ಹಾಗೆಯೇ ಟ್ಯೂನಾ ಸಲಾಡ್ ಬಂದಿತ್ತು. "ಸೆಂ ಕಾರ್ನ್, ಸೆಂ ಪೈಶ್", ಅಂದರೆ ಮಾಂಸವೂ ಬೇಡ, ಮೀನೂ ಬೇಡ, ಎರಡನ್ನೂ ಸೇರಿಸಿ ಹೇಳಿ. ಸೊಪ್ಪಿನ ಸೂಪಿನಲ್ಲೂ ಸಾಸೇಜ್ ಚೂರು ಇರುತ್ತದೆ, ಕೇಳಿಯೇ ತಿನ್ನಿ. ಕೂತ ತಕ್ಷಣ ಬ್ರೆಡ್, ಆಲಿವ್, ಚೀಸ್ ತಂದಿಡುತ್ತಾರೆ. ಪುಕ್ಕಟೆ ಅಲ್ಲ, ಬೇಡವಾದರೆ ವಾಪಸ್ ಕಳಿಸಿ. ತರಕಾರಿಯ ಕತಪ್ಲಾನಾ ಮಾಡಿಕೊಡುತ್ತೀರಾ ಅಂತ ಕೇಳಿ ನೋಡಿ. "ಅಂಜೂರದ ಚೀಸ್" ಅಂತ ಒಂದು ತಿಂಡಿ ಸಿಗುತ್ತದೆ. ಚೀಸ್ ಅನ್ನುವುದು ಹೆಸರಿಗಷ್ಟೇ. ಒಣ ಅಂಜೂರ, ಬಾದಾಮಿ, ದಾಲ್ಚಿನ್ನಿ ಸೇರಿಸಿ ಅದುಮಿದ ಬಿಲ್ಲೆ. ಎರಡು ಕಟ್ಟಿಸಿಕೊಂಡು ಚೀಲದಲ್ಲಿಟ್ಟುಕೊಂಡರೆ ಹಸಿವಿಗೆ ಆಗುತ್ತದೆ.

ಭಾಷೆಗೆ ಹೆದರಬೇಡಿ. ಬಟಾಟೆ ಅಲ್ಲಿಯೂ ಬಟಾಟಾ. ಬಾಲ್ದಿ ಅಲ್ಲಿ ಬಾಲ್ದ್. ಉತ್ತರ ಕರ್ನಾಟಕದವರ ಪಗಾರ ಅಲ್ಲಿ ಪಗಾರ್, ದುಡ್ಡು ಕೊಡುವುದು. ಊಟ ಮುಗಿದ ಮೇಲೆ "ಪಗಾರ್" ಅಂತ ಕೈ ತೋರಿಸಿದರೆ ಬಿಲ್ ಬರುತ್ತದೆ, ನಾನೇ ನೋಡಿದ್ದೇನೆ.

ಓಡಾಟ: ಲಾಗೊಸ್‌ನಿಂದ ಸ್ಪೇನ್ ಗಡಿಯವರೆಗೆ ರೈಲಿದೆ, ತವೀರಾ ಮತ್ತು ಒಲ್ಯಾಂವ್ ಎರಡೂ ಅದೇ ಹಳಿಯ ಮೇಲೆ. ಬೆಟ್ಟ ಮತ್ತು ಅಲ್ಕೊಟೀಂಗೆ ಬಸ್ ತೀರಾ ಕಡಿಮೆ. ಆ ಎರಡು ದಿನಕ್ಕೆ ಮಾತ್ರ ಕಾರು ಬಾಡಿಗೆಗೆ ಹಿಡಿಯಿರಿ. ರಸ್ತೆಯ ಬಲಕ್ಕೆ ಓಡಿಸಬೇಕು, ಮೊದಲ ಅರ್ಧ ಗಂಟೆ ಜಾಗ್ರತೆ. ಹೆದ್ದಾರಿಯ ಟೋಲ್ 2025ರ ಜನವರಿಯಿಂದ ತೆಗೆದುಹಾಕಿದ್ದಾರೆ.

ಅಕ್ಟೋಬರ್‌ಗೆ ಮುಂದೂಡುವ ಹಾಗಿದ್ದರೆ ಹೇಳಿ, ಆಗ ಪಟ್ಟಿ ಬದಲಾಗುತ್ತದೆ. ಉಪ್ಪಿನ ಕೆಲಸ ಮುಗಿದಿರುತ್ತದೆ. ಅದರ ಬದಲು ಸಾಗ್ರೆಶ್‌ನಲ್ಲಿ ವಲಸೆ ಹಕ್ಕಿಗಳು. ತಿಂಗಳ ಕೊನೆಗೆ ಎಳೆಯ ರಣಹದ್ದುಗಳು ನೆಲ ಮುಗಿಯುವ ತುದಿಗೆ ಬಂದು, ಮುಂದೆ ಬರೀ ನೀರು ಕಂಡು ಕಂಗಾಲಾಗಿ ಸುತ್ತು ಹಾಕಿ, ಜಿಬ್ರಾಲ್ಟರ್ ಕಡೆಗೆ ತಿರುಗುತ್ತವೆ. ಬಾದಾಮಿ ಹೂವಿಗಾದರೆ ಜನವರಿ ಕೊನೆ, ಫೆಬ್ರವರಿ.

ಸೆಪ್ಟೆಂಬರೇ ಖಾತ್ರಿ ಅಂತಾದರೆ ಲೋಲೆಯ ಗಣಿಯ ಬುಕಿಂಗನ್ನು ಮಗಳು ಇವತ್ತೇ ಮಾಡಲಿ, ಸಾಧ್ಯವಾದರೆ ಸಂತೆಯ ದಿನಕ್ಕೆ. ಕುಲಾತ್ರಾಕ್ಕೆ ಹೋಗುವ ದಿನದ ಇಳಿತದ ವೇಳೆಯನ್ನೂ ನೋಡಿಟ್ಟುಕೊಳ್ಳಲಿ. ಉಳಿದದ್ದೆಲ್ಲ ತವೀರಾ ತಲುಪಿದ ಮೇಲೆ ನಿಧಾನಕ್ಕೆ ನೋಡಿಕೊಂಡರೆ ಆಯಿತು.